ರಂಗಕ್ಕನ ಹಡಗು, ಬೋರಯ್ಯನ ದೋಣಿ

ಹಂಡೆಯ ನೀರು ಇನ್ನೂ ಕಾಯುತ್ತಿತ್ತು. ಮೈ ತೊಳೆಯಲು ನಾಲ್ಕು ಜನ ಬೋರಯ್ಯನನ್ನು ಅಂಗಳಕ್ಕೆ ತಂದು ಮಲಗಿಸಿದ್ದೇ ತಡ, ರಂಗಕ್ಕ ಮುಂದೆ ಬಂದು ಗಂಡನ ಅಂಗಿ ಜೇಬಿಗೆ ಕೈ ಹಾಕಿದಳು.

"ಅದೇನ್ ಹುಡುಕ್ತೀಯ ಅತ್ಗೆ?" ಎಂದ ಗಂಗರಾಜು, ಬೋರಯ್ಯನ ತಮ್ಮ.

"ಪೋನು."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಳಿಗೊಂದು ಕಲ್ಲು, ತಲೆಗೊಂದು ಮಾತು. ಹೆಣಕ್ಕೆ ಇನ್ನೂ ನೀರು ಬಿದ್ದಿಲ್ಲ, ಇವಳಿಗೆ ಆಗಲೇ ಪೋನಿನ ಚಿಂತೆ ಎಂದು ಯಾರೋ ಗೊಣಗಿದ್ದು ಅವಳ ಕಿವಿಗೂ ಬಿತ್ತು.

ಗಂಗರಾಜು ದನಿ ತಗ್ಗಿಸಿದ. "ಅದ್ರಾಗಿರೋ ದುಡ್ಡು ಎಲ್ಲಿಗೂ ಹೋಗಲ್ಲ. ತಿಥಿ ಮುಗೀಲಿ, ನಾನೇ ಬ್ಯಾಂಕಿಗೆ ಕರ್ಕೊಂಡು ಹೋಗ್ತೀನಿ."

ರಂಗಕ್ಕನ ಮೈಯೆಲ್ಲ ಉರಿಯಿತು. ದುಡ್ಡಂತೆ ದುಡ್ಡು! ಆದರೆ ಏನಂತ ಹೇಳುವುದು? ಸಮುದ್ರದಲ್ಲಿ ನನ್ನದೊಂದು ಹಡಗೈತೆ, ಇವನದೊಂದು ದೋಣಿ ಐತೆ, ನನ್ನದು ದಡ ಮುಟ್ಟಿತಾ ಅಂತ ನೋಡಬೇಕು ಅಂದರೆ ಕೊಂಡ್ಲಹಳ್ಳಿಯ ಜನ ಸುಮ್ಮನಿರುತ್ತಾರೆಯೇ? ದುಃಖಕ್ಕೆ ತಲೆ ಕೆಟ್ಟಿದೆ ಎಂದು ಅವಳ ಹೆಸರಿನಲ್ಲಿ ನಾಯಕನಹಟ್ಟಿಯ ದೇವರಿಗೆ ಹರಕೆ ಹೊರುತ್ತಾರೆ, ಅಷ್ಟೆ.

ಅವಳು ಪೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ಅವಳಿಗಿದ್ದದ್ದು ಹೆಣ ಎತ್ತುವವರೆಗಿನ ಹೊತ್ತು ಮಾತ್ರ. ಅವರ ಮನೆತನದಲ್ಲಿ ಒಂದು ಪದ್ಧತಿ. ಎತ್ತುವ ಮೊದಲು ಮನೆಯವರು ಒಬ್ಬೊಬ್ಬರಾಗಿ ಸತ್ತವರ ಬಾಯಿಗೆ ನೀರು ಬಿಟ್ಟು, ಕಿವಿಯಲ್ಲಿ ಹೇಳಬೇಕಾದ ಮಾತು ಹೇಳಿಬಿಡಬೇಕು. ಉಳಿಸಿಕೊಂಡರೆ ಹೋದವರು ದಾರಿಯಲ್ಲಿ ನಿಂತು ಹಿಂತಿರುಗಿ ನೋಡುತ್ತಾರೆ ಎಂದು ಅವಳ ಅತ್ತೆ ಹೇಳುತ್ತಿದ್ದಳು. ಹೆಂಡತಿಯ ಸರದಿ ಕೊನೆಗೆ. ಆಮೇಲೆ ಹೆಂಗಸರು ಊರ ಹುಣಸೆಮರ ದಾಟುವಂತಿಲ್ಲ.

ನಿನ್ನೆ ಬೆಳಿಗ್ಗೆ ಬಸ್ಸಿಗೆ ಹೊರಟವನು ಬಾಗಿಲಲ್ಲಿ ನಿಂತು, "ನಾಳೆ ನಿನ್ನ ಹಡಗು ಮುಟ್ಟೋ ದಿನ ಕಣೆ ರಂಗಿ. ಅಷ್ಟರಾಗೆ ನಂದು ಎಲ್ಲಿಗೆ ಬರ್ತೈತೋ ಏನೋ, ನೋಡಾನ" ಎಂದಿದ್ದ. ಸಂಜೆ ಚಳ್ಳಕೆರೆಯಿಂದ ವಾಪಸು ಬರುವಾಗ ಕಿಟಕಿಗೆ ತಲೆಯಾನಿಸಿ ಕೂತವನು ಕೂತಂತೆಯೇ ಹೋಗಿಬಿಟ್ಟಿದ್ದ. ಊರು ಬಂತು ಇಳಿಯಪ್ಪಾ ಎಂದು ಕಂಡಕ್ಟರ್ ಭುಜ ಮುಟ್ಟಿದಾಗಲೇ ಗೊತ್ತಾದದ್ದು.

* * *

ಬೋರಯ್ಯ ಚಳ್ಳಕೆರೆ ಪೇಟೆಯಲ್ಲಿ ಲಾರಿಗಳ ಟಾರ್ಪಾಲು ಹೊಲಿಯುವವನು. ಶೇಂಗಾ ಮೂಟೆ ನೆನೆಯಬಾರದೆಂದು ಹೊದಿಸುವ ದಪ್ಪ ಬಟ್ಟೆಗೆ ದಬ್ಬಣ ಚುಚ್ಚಿ ಚುಚ್ಚಿ ಅವನ ಅಂಗೈ ಚಪ್ಪಲಿಯ ಅಟ್ಟೆಯಂತಾಗಿತ್ತು. ಮನೆಗೆ ಬಂದರೆ ಉಂಡದ್ದು, ಮಲಗಿದ್ದು. ಮಕ್ಕಳಾಗಲಿಲ್ಲ. ಅದಕ್ಕಾಗಿ ಅತ್ತದ್ದೂ ಜಗಳವಾಡಿದ್ದೂ ಹಳೆಯದಾಗಿ, ಇಬ್ಬರ ನಡುವೆ ಮಾತೆಂಬುದೇ ಬತ್ತಿಹೋಗಿತ್ತು. ಉಪ್ಪು ಹೆಚ್ಚಾಯಿತು, ನೀರು ಬಂತು, ಬಾಗಿಲು ಹಾಕು. ಇಷ್ಟರಲ್ಲೇ ವರ್ಷಗಳು ಕಳೆದಿದ್ದವು.

ಈ ಸಲ ಬಿತ್ತನೆ ಹೊತ್ತಿಗೆ ಒಂದು ಸಂಜೆ ಅವನು ಪೋನು ಹಿಡಿದುಕೊಂಡೇ ಒಳಗೆ ಬಂದ. "ಲೇ ರಂಗಿ, ಬಾ ಇಲ್ಲಿ. ಈ ಬಟ್ಟೆ ಹೊಲಿಗೆ ನೋಡು."

ಪೋನಿನಲ್ಲಿ ಬರೀ ನೀರು, ನಡುವೆ ಒಂದು ದೋಣಿ, ಅದರ ಕಂಬಕ್ಕೆ ಉಬ್ಬಿದ ಬಟ್ಟೆ. ಅಂಚಿಗೆ ಎರಡು ಸಾಲು ಹೊಲಿಗೆ, ಥೇಟು ಅವನ ಟಾರ್ಪಾಲಿನಂತೆ. ಯಾವನೋ ಪರದೇಶದವನು ಇಂಜಿನ್ನು ಹಾಕದೆ, ಗಾಳಿಯನ್ನೇ ನಂಬಿ, ಒಬ್ಬನೇ ಚೀನಾದಿಂದ ಲಂಡನ್ನಿಗೆ ಹೊರಟಿದ್ದ. ಹಿಂದಿನ ಕಾಲದಲ್ಲಿ ಚಹಾ ತುಂಬಿಕೊಂಡು ಅದೇ ದಾರಿಯಲ್ಲಿ ಒಂದು ಹಡಗು ಹೋಗಿತ್ತಂತೆ. ಅದು ಯಾವ ದಿನ ಎಲ್ಲಿತ್ತು ಎಂಬುದನ್ನೆಲ್ಲ ಬರೆದಿಟ್ಟಿದ್ದರಂತೆ. ಈಗ ನಕ್ಷೆಯಲ್ಲಿ ಎರಡನ್ನೂ ಒಂದೇ ದಿನ ಹೊರಟ ಹಾಗೆ ಒಟ್ಟಿಗೆ ಬಿಟ್ಟಿದ್ದರು. ಕೆಂಪು ಚುಕ್ಕಿ ಹಳೇ ಹಡಗು, ನೀಲಿ ಚುಕ್ಕಿ ಇವತ್ತಿನ ದೋಣಿ.

ಬೋರಯ್ಯ ಮೂಲೆಯಲ್ಲಿದ್ದ ಟಾರ್ಪಾಲು ಹರಡಿ, ಗುರುತು ಹಾಕುವ ಸೀಮೆಸುಣ್ಣದಲ್ಲಿ ದಾರಿ ಎಳೆದ. "ಇಗಾ, ಬಲಗಡೆ ಮ್ಯಾಲೆ ಚೀನಾ. ಅಲ್ಲಿಂದ ಸೀದಾ ಕೆಳಕ್ಕೆ ಇಳೀಬೇಕು. ಕೆಳಗೆ ಹಿಂಗೆ ಎಡಕ್ಕೆ ಸಾಗಿ, ಆಫ್ರಿಕಾದ ಬುಡ ದಾಟಿ, ಮತ್ತೆ ಸೀದಾ ಮ್ಯಾಲಕ್ಕೆ ಹತ್ತಿದ್ರೆ ಲಂಡನ್ನು."

"ಒಬ್ನೇ ಹೋಗ್ತಾನಾ? ಮಾತಿಗೆ ಜನ ಬ್ಯಾಡ್ವಾ? ಊರಿಗೊಂದು ದಾರಿ ಆದ್ರೆ ಎಡವಟ್ಟನಿಗೊಂದು ದಾರಿ," ಎಂದಳು ರಂಗಕ್ಕ. "ನಂಗೆ ಆ ಹಡಗೇ ಇರಲಿ. ತುಂಬಾ ಜನ ಅವ್ರೆ."

"ಥೂ, ಅದ್ರಾಗಿರೋರೆಲ್ಲ ಯಾವಾಗ್ಲೋ ಸತ್ತೋದ್ರು ಕಣೆ!"

"ಸತ್ರೂ ಹೋಗ್ತಾನೇ ಅವ್ರಲ್ಲ. ಅದೇ ಬೇಕು ನಂಗೆ."

ಬೋರಯ್ಯ ಗಟ್ಟಿಯಾಗಿ ನಕ್ಕ. ಆ ಮನೆಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತೋ. ಸೋತವರು ದಿನಾ ಸಂಜೆ ಟೀ ಕಾಸಬೇಕು ಎಂದು ಪಂದ್ಯವಾಯಿತು. ಅಂದಿನಿಂದ ಅವನು ಬಸ್ಸಿಳಿದು ಮನೆಗೆ ಬೇಗಬೇಗ ಬರತೊಡಗಿದ. ಅವಳು ಅದೇ ಹೊತ್ತಿಗೆ ಮುಖ ತೊಳೆದು ಬಾಗಿಲಲ್ಲಿ ಕೂರತೊಡಗಿದಳು.

* * *

ಮೈ ತೊಳೆದು, ಹೊಸ ಪಂಚೆ ಉಡಿಸಿ, ವಿಭೂತಿ ಹಚ್ಚಿ ಬೋರಯ್ಯನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ನೆರಳಿಗೆ ಕಟ್ಟಿದ್ದೂ ಅವನೇ ಹೊಲಿದ ಟಾರ್ಪಾಲು.

ಒಳಕೋಣೆಯಲ್ಲಿ ರಂಗಕ್ಕ ಪೋನಿನ ಗುಂಡಿ ಒತ್ತಿದಳು. ಒಂಬತ್ತು ಚುಕ್ಕಿಗಳು ಮೂಡಿದವು. ಬೋರಯ್ಯ ಅವುಗಳ ಮೇಲೆ ಬೆರಳೆಳೆದು ಬೀಗ ತೆಗೆಯುತ್ತಿದ್ದ. ಪೋನು ಯಾವಾಗಲೂ ಅವನ ಕೈಯಲ್ಲೇ ಇರುತ್ತಿದ್ದುದರಿಂದ ಅವಳು ಅದನ್ನು ಗಮನಿಸಿರಲಿಲ್ಲ. ಹೇಗೆ ಹೇಗೋ ಎಳೆದಳು. ಪೋನು ಗುರ್ರೆಂದಿತು. ಮತ್ತೆ ಎಳೆದಳು, ಮತ್ತೆ ಗುರ್ರೆಂದಿತು.

ಪಕ್ಕದ ಮನೆಯ ಮಂಜಮ್ಮ ಒಳಗೆ ಬಂದಳು. "ಅತ್ತು ಬಿಡು ರಂಗಕ್ಕ. ಒಳಗೇ ಇಟ್ಕಾಬ್ಯಾಡ."

"ಮಂಜಮ್ಮ, ಇದನ್ನ ತೆಗೆಯಾಕೆ ಬರ್ತೈತಾ ನಿಂಗೆ?"

"ನಂದು ಬಟನ್ ಪೋನು ಕಣವ್ವ. ಈಗ್ಯಾಕೆ ಅದೆಲ್ಲ? ಜನ ಏನೇನೋ ಅಂತಾರೆ."

"ಅಂದ್ಕೊಳ್ಲಿ ಬಿಡು. ಅವನಿಗೊಂದು ಸುದ್ದಿ ಹೇಳೋದೈತೆ."

ಮಂಜಮ್ಮ ಅವಳ ಬೆನ್ನು ಸವರಿದಳು. ಹೊರಗೆ ತಮಟೆ ಶುರುವಾಯಿತು. ಗಂಗರಾಜು ಬಾಗಿಲಲ್ಲಿ ತಲೆ ಹಾಕಿದ. "ಅತ್ಗೆ, ಎಲ್ರೂ ನೀರು ಬಿಟ್ಟಾಯ್ತು. ನೀನೊಬ್ಳೇ ಬಾಕಿ."

ರಂಗಕ್ಕ ಪೋನನ್ನು ಬೆಳಕಿಗೆ ಹಿಡಿದಳು. ಇನ್ನು ಹೊತ್ತಿಲ್ಲ. ಒಂಬತ್ತು ಚುಕ್ಕಿಗಳನ್ನು ನೋಡಿದಳು. ಬಲಗಡೆ ಮೇಲಿನ ಚುಕ್ಕಿಯ ಹತ್ತಿರ ಗಾಜು ಕೊಂಚ ಮಾಸಿತ್ತು, ಅವನ ಒರಟು ಬೆರಳು ದಿನವೂ ಅಲ್ಲೇ ಊರಿದ ಹಾಗೆ. ಬಲಗಡೆ ಮೇಲೆ ಚೀನಾ.

ಅವಳು ಅಲ್ಲಿ ಬೆರಳಿಟ್ಟಳು. ಸೀದಾ ಕೆಳಕ್ಕೆ ಇಳಿಸಿದಳು. ಕೆಳಗಿನ ಸಾಲಿನಲ್ಲಿ ಎಡಕ್ಕೆ ಸಾಗಿ, ಆಫ್ರಿಕಾದ ಬುಡ ದಾಟಿ, ಸೀದಾ ಮೇಲಕ್ಕೆ ಹತ್ತಿದಳು. ಪೋನು ತೆರೆದುಕೊಂಡಿತು.

ನಕ್ಷೆ ಅವನು ಬಿಟ್ಟಲ್ಲೇ ಇತ್ತು. ಒಂದು ಗಳಿಗೆ ತಿಣುಕಾಡಿ ಚುಕ್ಕಿಗಳು ಕೂತವು. ಕೆಂಪು ಚುಕ್ಕಿ ಲಂಡನ್ನಿಗೆ ಅಂಟಿಕೊಂಡು ನಿಂತುಬಿಟ್ಟಿತ್ತು. ನೀಲಿ ಚುಕ್ಕಿ ಎಷ್ಟೋ ಕೆಳಗೆ, ಆಫ್ರಿಕಾದ ಹೊಟ್ಟೆಯ ಪಕ್ಕ, ನಡುನೀರಿನಲ್ಲಿತ್ತು.

ರಂಗಕ್ಕ ಹೊರಗೆ ಬಂದಳು. ಜನ ದಾರಿ ಬಿಟ್ಟರು. ಗಂಡನ ತುಟಿಗೆ ನೀರು ಬಿಟ್ಟಳು, ಅದು ಗದ್ದದಿಂದ ಇಳಿದು ಎದೆಯ ಮೇಲೆ ಹರಿಯಿತು. ಕಿವಿಗೆ ಬಾಯಿಟ್ಟು ಹೇಳಿದಳು.

"ನನ್ನ ಹಡಗು ಮುಟ್ತು ಕಣೋ. ನೀನು ಸೋತೆ. ಮೋಸಗಾರ ನೀನು, ಕೊನೇ ಗಳಿಗೇಲಿ ನನ್ನ ಹಡಗನ್ನೇ ಹತ್ಕೊಂಡು ಹೊಂಟ್ಯಲ್ಲೋ! ನಿನ್ನ ದೋಣಿ ಇನ್ನೂ ಬಂದಿಲ್ಲ. ಅದು ಬರೋ ತನಕ ನಾನು ನೋಡ್ಕೊಂತೀನಿ. ನೀನು ಹಿಂದಕ್ಕೆ ನೋಡ್ಬ್ಯಾಡ, ಹೋಗು."

ಆಗ ಅಳು ಬಂತು. ನಿನ್ನೆ ಸಂಜೆಯಿಂದ ಬಾರದಿದ್ದದ್ದು ಎದೆ ಒಡೆದುಕೊಂಡು ಬಂತು. ಮಂಜಮ್ಮ ಅವಳನ್ನು ತಬ್ಬಿ ಹಿಡಿದಳು. ತಮಟೆಯ ಸದ್ದು ಹುಣಸೆಮರದಾಚೆ ಸರಿದು, ಸಣ್ಣದಾಗಿ, ನಿಂತಿತು.

* * *

ಸಂಜೆಗೆ ಅಂಗಳ ಖಾಲಿಯಾಯಿತು. ಗಂಗರಾಜು ಟಾರ್ಪಾಲಿನ ಎರಡು ಮೂಲೆ ಬಿಚ್ಚಿ, ಉಳಿದದ್ದನ್ನು ನಾಳೆ ಬಿಚ್ಚುತ್ತೇನೆಂದು ಬಿ.ಜಿ. ಕೆರೆಯ ತನ್ನ ಮನೆಗೆ ಹೊರಟ. ಮಂಜಮ್ಮ ಟೀ ತಂದಿಟ್ಟು, ಹಸು ಕರೆದು ಬರ್ತೀನಿ ಎಂದು ಹೋದಳು.

ರಂಗಕ್ಕ ಮುಖ ತೊಳೆದುಕೊಂಡು ಬಾಗಿಲಲ್ಲಿ ಕೂತಳು. ಬಸ್ಸು ಬಂದು ನಿಂತ ಸದ್ದು ಕೇಳಿತು, ಹೊರಟ ಸದ್ದೂ ಕೇಳಿತು. ಅವಳು ಪೋನಿನ ಮೇಲೆ ಬೆರಳೆಳೆದಳು. ಮೇಲಿನಿಂದ ಕೆಳಕ್ಕೆ, ಎಡಕ್ಕೆ, ಮತ್ತೆ ಮೇಲಕ್ಕೆ.

ಕೆಂಪು ಚುಕ್ಕಿ ಇರಲಿಲ್ಲ. ದಡ ಮುಟ್ಟಿದ ಹಡಗನ್ನು ನಕ್ಷೆಯಿಂದ ತೆಗೆದಿದ್ದರು. ನೀಲಿ ಚುಕ್ಕಿ ಮಾತ್ರ ಇತ್ತು, ಸುತ್ತಲೂ ನೀರು.

ಕಲ್ಲಾಪುರದ ಬಯಲ ಕಡೆಯಿಂದ ಗಾಳಿ ಎದ್ದಿತು. ಎರಡೇ ಮೂಲೆಯಲ್ಲಿ ಕಟ್ಟಿದ್ದ ಟಾರ್ಪಾಲು ಪಟಪಟ ಬಡಿದು, ಉಬ್ಬಿ, ಅವಳ ತಲೆಯ ಮೇಲೆ ತುಂಬಿ ನಿಂತಿತು.