ಬಿರುಕಿನ ಪದರ

ಊಟ ಮಾಡಿದ ಕೈಯನ್ನು ಹಳೆಯ ಪೇಪರಿಗೆ ಒರೆಸಿಕೊಂಡು, ಅದೇ ಬೆರಳನ್ನು ಭಾವ ಕಂಪ್ಯೂಟರ್ ಪರದೆಯ ಮೇಲೆ ಊರಿದ. ಗಾಜಿನ ಮೇಲೆ ಎಣ್ಣೆಯ ಗುರುತು ಮೂಡಿತು. ಅವಳು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡಳು.

"ಈ ಕೆಂಪು ಗೆರೆಗಳೆಲ್ಲ ಯಾಕೆ ಪುಟ್ಟಿ?"

"ಬಿರುಕು, ಭಾವ. ಮೂರನೇ ಮಹಡಿ ಬಾಲ್ಕನಿಗಳದ್ದು. ನಾನೇ ಹೋಗಿ ಅಳೆದು ಬಂದಿದ್ದಲ್ವಾ?"

"ಬಿರುಕು ಅಂತ ನಂಗೂ ಕಾಣುತ್ತೆ. ರಿಪೋರ್ಟಲ್ಲಿ ಯಾಕೆ ಅಂದೆ."

ಅಕ್ಕನ ಗಂಡನ ಆಫೀಸಿನಲ್ಲಿ ಅವಳದು ನಕ್ಷೆ ಬರೆಯುವ ಕೆಲಸ. ಹಳೆಯ ಕಟ್ಟಡಗಳನ್ನು ಪರೀಕ್ಷೆ ಮಾಡಿ ವರದಿ ಕೊಡುವುದು ಭಾವನ ಕಸುಬು. ಅವಳು ಡ್ರಾಯಿಂಗ್ ಸಾಫ್ಟ್‌ವೇರಿನಲ್ಲಿ ಚಿತ್ರ ಬರೆದು, ಅದನ್ನು ಬೇರೊಂದು ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ, ವರದಿಯ ಫೈಲಿಗೆ ಸೇರಿಸಿಕೊಡಬೇಕು. ಕೇಳಿದರೆ ಸುಲಭ. ಆದರೆ ಸೇರಿಸಿದ ಮೇಲೆ ಭಾವ ಕೈಯಾಡಿಸದೆ ಬಿಡುವವನಲ್ಲ. ಜಾಗ ಮಿಕ್ಕಿದೆಯೆಂದು ಚಿತ್ರದ ಪಕ್ಕ ಹಿಡಿದು ಎಳೆಯುತ್ತಿದ್ದ. ಸಪೂರವಾಗಿದ್ದ ನೀರಿನ ಟ್ಯಾಂಕು ಬಸುರಿಯ ಹಾಗೆ ಊದಿಕೊಳ್ಳುತ್ತಿತ್ತು. ಒಮ್ಮೆಯಂತೂ ಪರದೆಯ ಫೋಟೋ ತೆಗೆದು ಅಂಟಿಸಿ, ಅದರೊಳಗೆ ತನ್ನ ಮೌಸಿನ ಬಾಣವನ್ನೂ ಬಿಟ್ಟು, ಮೆಟ್ಟಿಲ ಮೇಲೆ ಅದೇನೆಂದು ಗಿರಾಕಿ ಕೇಳಿದಾಗ "ಏರುವ ದಿಕ್ಕು ಸಾರ್" ಎಂದಿದ್ದ. ನಾಚಿಕೆ ಎನ್ನುವುದು ಆ ಮನುಷ್ಯನ ಹತ್ತಿರ ಸುಳಿದಿರಲಿಲ್ಲ. ಎದುರಿಗೆ ನೀವು ಎನ್ನುತ್ತಿದ್ದವಳು ಮನಸ್ಸಿನಲ್ಲಿ ಅವನನ್ನು ಏಕವಚನಕ್ಕೆ ಇಳಿಸಿ ಬಹಳ ಕಾಲವಾಗಿತ್ತು.

"ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರು ಫೋನ್ ಮಾಡಿದ್ರು," ಎಂದು ಭಾವ ವಿಸಿಟಿಂಗ್ ಕಾರ್ಡಿನ ಮೂಲೆಯಿಂದ ಹಲ್ಲು ಕೆದಕಿದ. "ಆ ಕಟ್ಟಡದಲ್ಲಿ ಅವರವೇ ಎರಡು ಮನೆ ಮಾರಾಟಕ್ಕಿವೆ. ಈ ಕೆಂಪೆಲ್ಲ ನೋಡಿದ್ರೆ ಯಾವನು ಕೊಳ್ತಾನೆ? ಮಾರಾಟ ಮುಗೀಲಿ, ಆಮೇಲೆ ಇನ್ನೊಂದು ರಿಪೋರ್ಟ್ ಕೊಟ್ಟರಾಯ್ತು. ಅದೂ ನಮಗೇ ಬರುತ್ತೆ."

"ಅಷ್ಟರಲ್ಲಿ ಬಿದ್ದರೆ?"

"ಇಷ್ಟು ವರ್ಷ ಬೀಳದೇ ಇರೋದು ಈಗ ಬೀಳುತ್ತಾ? ನೀನು ಪದರಪದರವಾಗಿ ತಾನೇ ಬರೆಯೋದು? ಬಿರುಕಿನ ಪದರದ ಕಣ್ಣು ಮುಚ್ಚಿ ಎಕ್ಸ್‌ಪೋರ್ಟ್ ಮಾಡು. ನಾಳೆ ಯಾರಾದ್ರೂ ಕೇಳಿದ್ರೆ, ಎಕ್ಸ್‌ಪೋರ್ಟ್ ಮಾಡುವಾಗ ಬಿಟ್ಟುಹೋಯ್ತು ಅಂದ್ರಾಯ್ತು. ಸಾಫ್ಟ್‌ವೇರನ್ನ ಕೋರ್ಟಿಗೆ ಎಳೀತಾರಾ?"

ಅವಳ ನಕ್ಷೆಯಲ್ಲಿ ಗೋಡೆ ಒಂದು ಪದರ, ಕಿಟಕಿ ಬಾಗಿಲು ಒಂದು, ಬಿರುಕು, ಅದರ ಅಳತೆ, ಎಚ್ಚರಿಕೆಯ ಬರಹ ಸೇರಿ ಒಂದು. ಪ್ರತಿ ಪದರದ ಹೆಸರಿನ ಪಕ್ಕ ಸಣ್ಣದೊಂದು ಕಣ್ಣಿನ ಚಿತ್ರ. ಅದನ್ನು ಒತ್ತಿದರೆ ಆ ಪದರ ಮಾಯ, ಎಕ್ಸ್‌ಪೋರ್ಟ್ ಆದ ಚಿತ್ರದಲ್ಲೂ ಮಾಯ.

ಅವಳು ಆ ಕಣ್ಣನ್ನು ಮುಟ್ಟದೆ ಕೂತಿದ್ದಕ್ಕೆ ಅಕ್ಕನ ಫೋನು ಬಂತು. ಭಾವ ಅಷ್ಟರಲ್ಲೇ ಹೊರಗೆ ಹೋಗಿ ಅಕ್ಕನ ಕಿವಿ ಊದಿದ್ದ.

"ಅದೇನೋ ಗೆರೆ ಅಳಿಸಲ್ಲ ಅಂತ ಹಟ ಮಾಡ್ತಿದ್ದೀಯಂತೆ. ಅವರಿಗೆ ಸಿಟ್ಟು ಬಂದ್ರೆ ಮನೇಲಿ ಅನುಭವಿಸೋಳು ನಾನು ಕಣೇ. ಹೇಳಿದಷ್ಟು ಮಾಡು, ನಿನ್ನ ದಮ್ಮಯ್ಯ."

ಅವಳು ಬಿರುಕಿನ ಪದರದ ಕಣ್ಣನ್ನು ಒತ್ತಿದಳು. ಕೆಂಪು ಹೋಯಿತು. ಬಾಲ್ಕನಿಗಳು ಮದುಮಗಳ ಹಾಗೆ ನುಣ್ಣಗೆ ನಿಂತವು. ಎಕ್ಸ್‌ಪೋರ್ಟ್ ಮಾಡಿ ವರದಿಗೆ ಸೇರಿಸಿದಳು. ಭಾವ ಓದದೆಯೇ ಸಹಿ ಹಾಕಿ, "ಜಾಣೆ" ಎಂದು ಅವಳ ತಲೆ ತಟ್ಟಿದ. ಅವಳು ಬಚ್ಚಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದಳು, ಮತ್ತೆ ತೊಳೆದಳು. ಅವನ ಮೇಲಿನ ಅಸಹ್ಯಕ್ಕಿಂತ ತನ್ನ ಬೆರಳಿನ ಮೇಲಿನ ಅಸಹ್ಯವೇ ಹೆಚ್ಚಾಗಿತ್ತು.

ಅಳತೆಗೆ ಹೋದ ದಿನ ಮೂರನೇ ಮಹಡಿಯ ಅಜ್ಜಿಯೊಬ್ಬರು ಅವಳಿಗೆ ನೀರು ಕೊಟ್ಟು ಕೂರಿಸಿದ್ದರು. ಬಾಲ್ಕನಿಯಲ್ಲಿ ಚಾಪೆ ಹಾಸಿ ಅವರ ಪುಟ್ಟ ಮೊಮ್ಮಗಳು ಪಾತ್ರೆ ಬಡಿಯುತ್ತಿದ್ದಳು. ಅಳೆಯಲು ಹೋದವಳು ಕೆಳಗಿನ ಮನೆಗೆ ಇಳಿದು, ಸ್ಟೂಲು ಹತ್ತಿ, ಆ ಚಾಪೆಯ ನೇರ ಅಡಿಗೆ ಕೈಯೊತ್ತಿ ನೋಡಿದಾಗ, ಗಾರೆ ಹಪ್ಪಳದಂತೆ ಮುರಿದು ಬಿದ್ದಿತ್ತು. ಒಳಗಿನ ಕಬ್ಬಿಣದಿಂದ ತುಕ್ಕುನೀರು ಅಂಗೈಗೆ ಇಳಿದಿತ್ತು. ಮೇಲೆ ಪಾತ್ರೆಯ ಸದ್ದು ನಿಂತೇ ಇರಲಿಲ್ಲ. ಈಗ ಸೋಪಿನ ನೊರೆಯ ನಡುವೆಯೂ ಅವಳಿಗೆ ಅದೇ ಸದ್ದು ಕೇಳುತ್ತಿತ್ತು.

ವರದಿಯನ್ನು ಎಲ್ಲ ಮನೆಗಳವರ ಮುಂದೆ ಓದುವ ಸಭೆ ಮರುದಿನ ಕಟ್ಟಡದ ನೆಲಮಹಡಿಯಲ್ಲಿತ್ತು. ನಕ್ಷೆ, ವರದಿ ಎರಡೂ ಇದ್ದ ಲ್ಯಾಪ್‌ಟಾಪ್ ಹೊತ್ತು ತಂದು ಪ್ರೊಜೆಕ್ಟರಿಗೆ ಜೋಡಿಸುವುದು ಅವಳ ಪಾಲಿನ ಕೆಲಸ. ಪಕ್ಕದ ಕೋಣೆಯಲ್ಲಿ ಭಾವ, ಅಧ್ಯಕ್ಷ ಇಬ್ಬರೂ ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ಚೀಪುತ್ತ ಕಿಸಿಕಿಸಿ ನಗುತ್ತಿದ್ದರು. ಅಧ್ಯಕ್ಷನ ಮೀಸೆಯ ತುದಿಗೆ ನೆನೆದ ಬಿಸ್ಕತ್ತು ಮೆತ್ತಿಕೊಂಡಿತ್ತು. ಅವಳು ಮುಖ ತಿರುಗಿಸಿದಳು.

ತಿರುಗಿಸಿದ ಕಡೆ ಸಾಲು ಕುರ್ಚಿಗಳು. ಮೊದಲ ಸಾಲಿನಲ್ಲೇ ಆ ಅಜ್ಜಿ. ಅವಳನ್ನು ನೋಡಿ ಕೈಯೆತ್ತಿ ನಕ್ಕರು.

"ಅವತ್ತು ಅಳೆದ್ಯಲ್ಲಮ್ಮ, ಎಲ್ಲ ಗಟ್ಟಿಯಾಗಿದೆ ತಾನೇ?"

ಅವಳು ಲ್ಯಾಪ್‌ಟಾಪಿನ ಮುಂದೆ ಕೂತಳು.

ಹಿಂದೊಮ್ಮೆ ಅವಳು ಚಿತ್ರಗಳನ್ನು ವರದಿಯೊಳಗೇ ಸೇರಿಸಿದ್ದಾಗ ಫೈಲು ಭಾರವಾಗಿ ಮೇಲ್ ಹೋಗದೆ, ಭಾವ ಆಫೀಸು ಹಾರಿಹೋಗುವಂತೆ ಕೂಗಾಡಿದ್ದ. "ಒಳಗೆ ತುರುಕಬೇಡ, ಬರೀ ಲಿಂಕ್ ಕೊಡು!" ಅಂದಿನಿಂದ ಅವಳು ಲಿಂಕನ್ನೇ ಕೊಡುತ್ತಿದ್ದಳು. ಹಾಗಾಗಿ ವರದಿಯಲ್ಲಿ ಚಿತ್ರವೇ ಇರುತ್ತಿರಲಿಲ್ಲ. ಚಿತ್ರದ ಫೈಲು ಎಲ್ಲಿದೆ ಎನ್ನುವ ವಿಳಾಸವಷ್ಟೇ ಇರುತ್ತಿತ್ತು. ವರದಿಯನ್ನು ತೆರೆದಾಗಲೆಲ್ಲ ಅದು ಆ ವಿಳಾಸಕ್ಕೆ ಹೋಗಿ, ಅಲ್ಲಿ ಆಗ ಏನಿದೆಯೋ ಅದನ್ನೇ ತಂದು ತೋರಿಸುತ್ತಿತ್ತು. ಇದು ಭಾವನಿಗೂ ಗೊತ್ತಿದ್ದ ಸಂಗತಿ, ನೆನಪಿನಲ್ಲಿ ಇಟ್ಟುಕೊಳ್ಳುವ ಉಸಾಬರಿಗೆ ಮಾತ್ರ ಅವನು ಹೋಗಿರಲಿಲ್ಲ.

ಅವಳು ನಕ್ಷೆ ತೆರೆದಳು. ಬಿರುಕಿನ ಪದರದ ಕಣ್ಣು ತೆರೆದಳು. ಅದೇ ಹೆಸರಿನಲ್ಲಿ ಎಕ್ಸ್‌ಪೋರ್ಟ್ ಒತ್ತಿದಳು. ಹಳೆಯ ಫೈಲನ್ನು ಅಳಿಸಿ ಹೊಸದು ಇಡಲೇ ಎಂದು ಸಾಫ್ಟ್‌ವೇರ್ ಕೇಳಿತು. ಅಕ್ಕನ ಮುಖ ಕಣ್ಣೆದುರು ಬಂತು. ಆದರೂ 'ಹೌದು' ಒತ್ತಿದಳು.

ಭಾವ ಬಂದು ಕೈ ಮುಗಿದು, ಗಂಟಲು ಸರಿಮಾಡಿಕೊಂಡು, ವರದಿಯನ್ನು ತಾನೇ ತೆರೆದ. "ಕಟ್ಟಡ ಕಲ್ಲುಗುಂಡಿನ ಹಾಗಿದೆ. ನೀವೇ ನೋಡಿ," ಎನ್ನುತ್ತ ಚಿತ್ರದ ಪುಟಕ್ಕೆ ಬಂದ.

ಗೋಡೆಯ ಮೇಲೆ ಮೂರನೇ ಮಹಡಿ ಕೆಂಪಗೆ ಎದ್ದು ನಿಂತಿತು. ಪ್ರತಿ ಗೆರೆಯ ಪಕ್ಕ ಅದರ ಅಗಲ, ಆಳ. ಕೆಳಗೆ ದಪ್ಪ ಅಕ್ಷರದಲ್ಲಿ, 'ಕುಸಿಯುವ ಅಪಾಯ, ಬಳಸಬಾರದು.'

ಅಧ್ಯಕ್ಷ ದಡಬಡಿಸಿ ಎದ್ದು, "ಪ್ರೊಜೆಕ್ಟರ್ ಕೆಟ್ಟಿದೆ, ಆರಿಸಿ, ಆರಿಸಿ," ಎಂದು ಬೆಳಕಿಗೆ ಅಡ್ಡ ನಿಂತ. ಬಿರುಕುಗಳೆಲ್ಲ ಅವನ ಬಿಳಿ ಅಂಗಿಯ ಮೇಲೆ ಬಿದ್ದವು.

ಭಾವ ಬಗ್ಗಿ ಅವಳ ಕಿವಿಯ ಹತ್ತಿರ ಹಲ್ಲು ಕಡಿದ. ಬಾಯಿಂದ ಟೀ ವಾಸನೆ ಬಂತು. "ಇದೇನೇ ಇದು?"

"ಗೊತ್ತಿಲ್ಲ ಭಾವ," ಎಂದಳು ಅವಳು, ಎಲ್ಲರಿಗೂ ಕೇಳುವಂತೆ. "ಎಕ್ಸ್‌ಪೋರ್ಟ್ ಮಾಡುವಾಗ ಬಂದುಬಿಡ್ತು."

ಅಜ್ಜಿ ಯಾರ ಮುಖವನ್ನೂ ನೋಡಲಿಲ್ಲ. ಗೋಡೆಯ ಮೇಲಿನ ಚಿತ್ರದಲ್ಲಿ ತಮ್ಮ ಮನೆಯನ್ನು ಬೆರಳಲ್ಲೇ ಹುಡುಕಿಕೊಂಡು, ಫೋನ್ ತೆಗೆದು ಮನೆಯಲ್ಲಿದ್ದ ಸೊಸೆಗೆ ಮಾಡಿದರು.

"ಮಗು ಎಲ್ಲಿದೆ? ಬಾಲ್ಕನೀಲಾ? ಒಳಗೆ ಕರ್ಕೊಳ್ಳೇ. ಕಾರಣ ಆಮೇಲೆ ಕೇಳುವಿಯಂತೆ, ನೀನು ಕಾಲಿಡಬೇಡ, ಅದನ್ನೇ ಕೂಗಿ ಒಳಗೆ ಕರ್ಕೋ."

ಅಜ್ಜಿಯ ಫೋನಿನಿಂದ ಪಾತ್ರೆ ಬಡಿಯುವ ಸದ್ದು ಸಣ್ಣಗೆ ಕೇಳುತ್ತಿತ್ತು, ಆಮೇಲೆ ಅದು ನಿಂತು, ಒಳಗೆ ಓಡಿಬರುವ ಪುಟ್ಟ ಹೆಜ್ಜೆಗಳು ಕೇಳಿದವು.