ಜಾಗ ಸಿಗದ ಬೆಕ್ಕು

“ಟೀಚರ್, ಈ ಬೆಕ್ಕನ್ನು ಎಲ್ಲಿ ಕೂರಿಸಲಿ?” ಎಂದು ಶಿನ್‌ಯಿ ಚೆಂಗ್ಡುವಿನಿಂದ ಕೇಳಿದಾಗ ನಾನು ಅಮೆರಿಕದ ಎಡಿಸನ್‌ನ ನಮ್ಮ ಊಟದ ಮೇಜಿನ ಮುಂದೆ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ನನಗೆ ಶನಿವಾರದ ಬೆಳಗು. ಅವಳಿಗೆ ಅದೇ ಶನಿವಾರದ ರಾತ್ರಿಯೂಟ ಮುಗಿದಿತ್ತು.

ಶಿನ್‌ಯಿ ನನ್ನ ಸಹೋದ್ಯೋಗಿಯ ಅಕ್ಕನ ಮಗಳು. ಚೀನಾದ ಯೂನಿವರ್ಸಿಟಿ ಎಂಟ್ರೆನ್ಸ್‌ಗೆ ಓದುತ್ತಿದ್ದಾಳೆ. ಶನಿವಾರ ಶನಿವಾರ ವಿಡಿಯೊದಲ್ಲಿ ನಾನು ಅವಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಅವರ ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ವಿಚಿತ್ರ ಪ್ರಶ್ನೆಯಿದೆ. ಬರಹವೊಂದರಿಂದ ಐದು ವಾಕ್ಯ ಕಿತ್ತು, ಕೆಳಗೆ ಏಳು ವಾಕ್ಯ ಕೊಟ್ಟಿರುತ್ತಾರೆ. ಐದಕ್ಕೆ ಮನೆ ಹುಡುಕಬೇಕು, ಎರಡನ್ನು ಬೀದಿಗೆ ಬಿಡಬೇಕು. ಇವತ್ತಿನ ಏಳರಲ್ಲಿ ಒಂದು ವಾಕ್ಯ ಬೆಕ್ಕಿನದು. ಶಿನ್‌ಯಿಗೆ ಆ ಬೀದಿಗೆ ಬಿಡುವುದೇ ಆಗದು. ನನಗೂ ಅಷ್ಟೆ. ಅಜ್ಜಿಯ ಕತೆಗಳಲ್ಲಿ ದಾರಿಯಲ್ಲಿ ಸಿಕ್ಕ ಇರುವೆಯೂ ಕೊನೆಗೆ ಕೆಲಸಕ್ಕೆ ಬರುತ್ತಿತ್ತು. ಯಾರಿಗೂ ಬೇಡದ ವಾಕ್ಯ ಎಲ್ಲಿಗೆ ಹೋಗುತ್ತದೆ?

ಆದರೆ ಇವತ್ತು ಹಾಗೆಲ್ಲ ಯೋಚಿಸುತ್ತ ಕೂರುವಂತಿರಲಿಲ್ಲ. ಹಿಂದಿನ ಎರಡು ಕ್ಲಾಸಿನಲ್ಲೂ ಮುಕ್ಕಾಲು ತಪ್ಪಾಗಿತ್ತು. ಈ ಸಲವೂ ಹಾಗಾದರೆ ಟೀಚರನ್ನೇ ಬದಲಾಯಿಸುವುದೆಂದು ಅವಳಮ್ಮ ಹೇಳಿಯಾಗಿತ್ತು. ಕ್ಯಾಮೆರಾಗೆ ಕಾಣದಂತೆ ಅವರೂ ಅಲ್ಲೇ ಎಲ್ಲೋ ಕೂತಿದ್ದರು. ಬೆಕ್ಕಿನ ಚಿಂತೆ ಮಾಡುವ ಹುಡುಗಿಯನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಎದುರಿಗೆ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತಿದರು. “ಏನಂತೈತೆ ಆ ಕೂಸು?”

“ಬೆಕ್ಕನ್ನ ಎಲ್ಲಿ ಕೂರಿಸಲಿ ಅಂತಾಳೆ. ಕತೇಲಿ ಬೆಕ್ಕೇ ಇಲ್ಲ ಅಜ್ಜಿ, ಸುಮ್ನೆ ದಾರಿ ತಪ್ಸೋಕೆ ಕೊಟ್ಟಿರೋದು.”

“ನೀ ಓದಿ ಹೇಳ್ದೇನು?”

“ಇಲ್ಲ, ಅವಳೇ ಓದ್ಕೋತಾಳೆ. ಎಕ್ಸಾಮ್ ಅಲ್ವಾ.”

“ಹ್ಞೂಂ ಅನ್ನೋರಿಲ್ದಂಗೆ ಅದೆಂಥಾ ಕತೆ? ಸಣ್ಣೋಳಿದ್ದಾಗ ನೀನು, ನಾ ತೂಕಡಿಸ್ಕೊಂಡು ಒಂದು ಮಾತು ನುಂಗಿದ್ರೆ ಹ್ಞೂಂ ನಿಲ್ಸಿ ‘ಯಾಕಜ್ಜಿ, ಯಾಕಜ್ಜಿ’ ಅಂತ ಜೀವ ತಿಂತಿದ್ದಿ.”

ನಾನು ಲ್ಯಾಪ್‌ಟಾಪಿನತ್ತ ತಿರುಗಿದೆ. “ಶಿನ್‌ಯಿ, ಆ ಏಳು ವಾಕ್ಯ ಕೈಯಿಂದ ಮುಚ್ಚು. ನಾನು ಓದುತ್ತೇನೆ, ನೀನು ಹ್ಞೂಂ ಅನ್ನಬೇಕು. ಎಲ್ಲಿ ಅನ್ನಲು ಆಗುವುದಿಲ್ಲವೋ ಅಲ್ಲಿ ನಿಲ್ಲಿಸಿ ಕೇಳು. ಪರೀಕ್ಷೆಯಲ್ಲಿ ಇದನ್ನೇ ಮನಸ್ಸಿನಲ್ಲಿ ಮಾಡಿಕೋ.”

ಹ್ಞೂಂ ಕಲಿಸಬೇಕಾಗಲಿಲ್ಲ. ಅವರಲ್ಲೂ ಅದು ಹೆಚ್ಚು ಕಡಿಮೆ ಅದೇ ಸದ್ದು.

“ಒಬ್ಬ ಮುದುಕ ತಾರಸಿಯ ಮೇಲೆ ಟೊಮೆಟೊ ಬೆಳೆಯುತ್ತಿದ್ದ.”

“ಹ್ಞೂಂ.”

“ಇಲ್ಲೊಂದು ಖಾಲಿ ಜಾಗ. ಆಮೇಲೆ, ಅದಕ್ಕೇ ಮೊಮ್ಮಕ್ಕಳು ಬಕೆಟ್‌ಗಳಲ್ಲಿ ಮಣ್ಣು ಹೊತ್ತು ತಂದರು.”

ಹ್ಞೂಂ ಬರಲಿಲ್ಲ. “ಅದಕ್ಕೇ ಅಂದ್ರೆ ಯಾವುದಕ್ಕೆ? ಕೆಳಗೇ ಬೆಳೀಬಹುದಿತ್ತಲ್ಲ, ಟೀಚರ್!”

“ಈಗ ಕೈ ತೆಗೆದು ನೋಡು.”

ಅವಳ ಕಣ್ಣು ಒಂದೊಂದೇ ಸಾಲು ಇಳಿಯಿತು. “ಅವನ ಬೀದಿಯಲ್ಲಿ ಬರೀ ಸಿಮೆಂಟಿತ್ತು! ಇದೇ, ಇದೇ!”

ಹಾಗೇ ಮುಂದುವರಿದೆವು. ಮುದುಕನಿಗೆ ನೀರು ಸಿಕ್ಕಿತು, ಹಕ್ಕಿಗಳ ಕಾಟ ಬಂತು, ನೆರೆಯವರು ಬುಟ್ಟಿ ಹಿಡಿದು ಬಂದರು. ನಡುವೆ ಎಲ್ಲೋ ನನಗೆ ಎರಡು ಹ್ಞೂಂ ಕೇಳಿಸತೊಡಗಿತು. ಒಂದು ಶಿನ್‌ಯಿಯದು, ಇನ್ನೊಂದು ದಪ್ಪ ದನಿಯದು, ಪರದೆಯ ಆಚೆಯಿಂದ. ಅವಳಮ್ಮನಿಗೂ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು.

ಐದೂ ಸರಿಯಾಗಿದ್ದವು. ಬೆಕ್ಕಿನ ಬಗ್ಗೆ ಕೇಳುವ ಸಂದರ್ಭವೇ ಬಂದಿರಲಿಲ್ಲ.

ಆಗ ಅವಳಮ್ಮ ಕ್ಯಾಮೆರಾದ ಎದುರಿಗೆ ಬಂದರು. ಹುಬ್ಬು ಗಂಟಿಕ್ಕಿ ಚೀನೀ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿದರು. ಟೀಚರ್ ಬದಲಾಯಿಸುವ ಮಾತೇ ಇರಬೇಕು ಅಂದುಕೊಂಡೆ. ಶಿನ್‌ಯಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

“ಏನಂತೆ?”

“ಹಾಗಾದ್ರೆ ಆ ಬೆಕ್ಕು ಏನಾಯ್ತು ಅಂತ ಕೇಳ್ತಿದಾರೆ, ಟೀಚರ್. ಮುಂದಿನ ಶನಿವಾರ ಹೇಳ್ತೀರಾ?”

ನಾನು ಅಜ್ಜಿಗೆ ಹೇಳಿದೆ. ಅಜ್ಜಿ ಸೊಪ್ಪಿನ ತಟ್ಟೆ ಪಕ್ಕಕ್ಕೆ ಸರಿಸಿದರು.

“ಶನಿವಾರದ ತನಕ ಬೆಕ್ಕು ಉಪಾಸ ಕೂರ್ತೈತೇನು? ಈಗ್ಲೇ ಹೇಳು. ಆ ಬೆಕ್ಕು ಟೊಮೆಟೊ ತಿನ್ನಾದಿಲ್ಲ, ಅದಕ್ಕೇ ಅಲ್ಲಿಂದ ಎದ್ದು ಹೊಂಟಿತ್ತು...”

ನಾನು ಇಂಗ್ಲಿಷಿಗೆ ತಿರುಗಿಸುವ ಮೊದಲೇ ಚೆಂಗ್ಡುವಿನಿಂದ ದಪ್ಪ ದನಿಯ ಹ್ಞೂಂ ಬಂದಾಗಿತ್ತು.