ಕೆಂಕೆರೆ ಹಳ್ಳದ ಉಗಿಬಂಡಿ

ಹುಳಿಯಾರಿನ ಬಸ್‌ಸ್ಟ್ಯಾಂಡಿನ ಹಿಂದೆ ಹುಚ್ಚಣ್ಣನ ವೆಲ್ಡಿಂಗ್ ಶೆಡ್ಡು. ಮೂವತ್ತು ವರ್ಷದಿಂದ ಟ್ರೇಲರ್ರು, ಗೇಟು, ಕಾಯಿ ಸುಲಿಯುವ ಯಂತ್ರ ಮಾಡಿಕೊಂಡು ಬಂದವನು. ಬೆಸುಗೆ ಬಿಟ್ಟಿತು ಅಂತ ವಾಪಸ್ ಬಂದ ಗಿರಾಕಿಯಿಲ್ಲ. ಅಂಥವನ ಎದುರು ಸಿನಿಮಾದ ಆರ್ಟ್ ಡೈರೆಕ್ಟರ್ ಭುವನ್ ಸ್ಟೂಲು ಎಳೆದುಕೊಂಡು ಕೂತು, ಹಳೇ ಕಾಲದ ಉಗಿಬಂಡಿಯ ಚಿತ್ರ ತೋರಿಸಿದ.

“ಒರಿಜಿನಲ್ ಥರಾನೇ ಇರ್ಬೇಕು ಅಣ್ಣ. ಒಳಗೊಂದು ಟ್ರ್ಯಾಕ್ಟರ್ ಇಂಜಿನ್, ಮೇಲೆ ಪ್ಲೈವುಡ್ಡು, ತಗಡು. ಕಪ್ಪು ಬಣ್ಣ ಬಳಿದ್ರೆ ಮುಗೀತು.”

“ತಗಡು ಬಡಿದ್ರೆ ಡಬ್ಬದ ಸದ್ದು ಬತ್ತದಲ್ಲ ಸ್ವಾಮಿ?”

“ಸದ್ದು ನಾವು ಆಮೇಲೆ ಹಾಕ್ಕೋತೀವಿ.”

ಆ ಮಾತು ತೆಂಗಿನ ನಾರು ಗಂಟಲಿಗೆ ಸಿಕ್ಕ ಹಾಗೆ ಹುಚ್ಚಣ್ಣನಿಗೆ ಸಿಕ್ಕಿಕೊಂಡಿತು. ಕೆಲಸವನ್ನೇನೋ ಒಪ್ಪಿದ; ಪ್ಲೈವುಡ್ಡಿಗೆ ಮಾತ್ರ ಕೈ ಹಾಕಲಿಲ್ಲ. ಗುಜರಿಯಲ್ಲಿ ಬಿದ್ದಿದ್ದ ಟ್ಯಾಂಕರಿನ ಹೊಟ್ಟೆಯನ್ನು ಎತ್ತಿ ತಂದು ಬಾಯ್ಲರ್ ಮಾಡಿದ. ದಪ್ಪ ಪ್ಲೇಟು ಕತ್ತರಿಸಿ ಗಾಲಿ ಮಾಡಿದ. ನಲವತ್ತು ದಿನಕ್ಕೆ ಬಂಡಿ ಎದ್ದು ನಿಂತಾಗ ಹುಳಿಯಾರಿಗೆ ಹುಳಿಯಾರೇ ಬಂದು ಅದರ ಮುಂದೆ ಫೋಟೋ ಹೊಡೆಸಿಕೊಂಡಿತು. ಭುವನ್ ಬಂದವನೇ ಬೆರಳ ಗೆಣ್ಣಿನಲ್ಲಿ ಬಾಯ್ಲರ್ ಬಡಿದು, “ಆಹಾ!” ಅಂದ.

“ತೂಕ ಒಸಿ ಜಾಸ್ತಿ ಆಗೈತೆ. ಐದು ಟನ್ ತೂಗ್ತು,” ಎಂದ ಹುಚ್ಚಣ್ಣ.

“ಕ್ಯಾಮೆರಾಗೆ ತೂಕ ಕಾಣಲ್ಲ ಅಣ್ಣ.”

ಹುಚ್ಚಣ್ಣ ಎರಡನೇ ಸಲ ಹೇಳಲಿಲ್ಲ. ಬಂಡಿ ಅಷ್ಟು ಚೆನ್ನಾಗಿ ಬಂದಿತ್ತು. ಹೊಗಳಿಕೆ ಅನ್ನುವುದು ಬುದ್ಧಿವಂತನ ಬಾಯಿಗೂ ಬೀಗ ಹಾಕುತ್ತದೆ.

ಶೂಟಿಂಗ್ ಇದ್ದದ್ದು ಕೆಂಕೆರೆ ಹತ್ತಿರದ ಒಣ ಹಳ್ಳದಲ್ಲಿ. ತೆಂಗಿನ ಮರದ ಬೊಡ್ಡೆಗಳನ್ನೇ ಕಂಬವಾಗಿ ನೆಟ್ಟು, ಇಪ್ಪತ್ತಡಿ ಎತ್ತರದ ಸೇತುವೆ ಕಟ್ಟಿ, ಮೇಲೆ ರೈಲು ಕಂಬಿ ಹಾಸಿದ್ದರು. ಬಂಡಿ ಸೇತುವೆಯ ನಡುವಿಗೆ ಬರಬೇಕು. ಅದರ ನೆತ್ತಿಯ ಮೇಲೆ ನಿಂತ ಹೀರೋ ಪಕ್ಕದ ತೆಂಗಿನ ಮರಕ್ಕೆ ಹಾರಿ ತಬ್ಬಿಕೊಳ್ಳಬೇಕು. ಆಮೇಲೆ ಮದ್ದು ಸಿಡಿಸಿ ಸೇತುವೆ ಕೆಡವುವುದು. ಹೀರೋ ಅಂದರೆ ಹೀರೋ ಅಲ್ಲ, ಅವನ ಬಟ್ಟೆ ತೊಟ್ಟ ಕಲ್ಲೇಶ. ಹುಚ್ಚಣ್ಣನ ತಂಗಿ ಹೊಂಬಾಳಮ್ಮನ ಮಗ. ಸುತ್ತಲ ಹತ್ತು ಹಳ್ಳಿಗೆ ಕಾಯಿ ಕೆಡವುವವನು. ಮೂವತ್ತರ ಗಂಡಸು, ಮರದಲ್ಲಿ ಅಳಿಲು.

ಬೆಳಗ್ಗೆ ಬಂಡಿಯನ್ನು ಕಂಬಿಗೆ ಏರಿಸಿ, ಹೊಗೆಗೆಂದು ಅದರ ಒಲೆಗೆ ತೆಂಗಿನ ಚಿಪ್ಪು ತುಂಬಿ, ಹುಚ್ಚಣ್ಣ ಕೈ ಒರೆಸಿಕೊಳ್ಳುತ್ತ ಸೇತುವೆಯ ಕೆಳಗಿಳಿದ. ಬೊಡ್ಡೆಗಳಿಗೆಲ್ಲ ಟಾರು ಬಳಿದಿದ್ದರು. ಟಾರಿನ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಮೂಗಿಗೆ ಬಡಿಯಿತು. ಕೊಳೆತ ಹೆಂಡದಂಥ ಹುಳಿ ನಾತ. ತೋಟ ಇರುವ ಯಾರಿಗೂ ಅದರ ಗುರುತು ಹೇಳಿಕೊಡಬೇಕಿಲ್ಲ.

“ಈ ಮರ ಎಲ್ಲಿಂದ ತಂದ್ರಿ?” ಭುವನ್‌ನನ್ನು ಕೂಗಿ ಕೇಳಿದ.

“ಯಾರೋ ಯಜಮಾನ್ರು ಫ್ರೀಯಾಗಿ ಕೊಟ್ರಣ್ಣ. ಕಡ್ಕೊಂಡು ಹೋಗಿ ಅಂದ್ರು. ನಿಮ್ಮ ಕಡೆ ಜನ ತುಂಬಾ ಒಳ್ಳೇವ್ರು.”

“ಫಲ ಬಿಡೋ ಮರವ ಯಾವನಪ್ಪ ಪುಕ್ಕಟೆ ಕೊಟ್ಟಾನು?”

ಹುಚ್ಚಣ್ಣ ಬೊಡ್ಡೆಗೆ ಕಿವಿ ಹಚ್ಚಿದ. ಒಳಗೆ ಕರಕರ, ಕರಕರ. ತೆಂಗನ್ನು ಒಳಗೇ ಟೊಳ್ಳು ಮಾಡುವ ಕೆಂಪು ಮೂತಿ ಹುಳದ ಮರಿಗಳು ಮೇಯುತ್ತಿದ್ದವು. ಟಾರು ಬಿರಿದಿದ್ದ ಒಂದು ತೂತಿಗೆ ಬೆರಳು ಹಾಕಿದರೆ ಗೆಣ್ಣಿನವರೆಗೂ ಇಳಿಯಿತು. ಹೊರಗೆ ಬಂದದ್ದು ಕಂದು ರಸ, ಅಗಿದು ಉಗಿದಂಥ ನಾರು. ಮುಂದಿನ ಕಂಬಕ್ಕೂ ಕಿವಿ ಕೊಟ್ಟ. ಅಲ್ಲೂ ಅದೇ.

“ನಿನ್ನೆ ಹಲಗೆ ಹಾಕಿ ಜೀಪ್ ಓಡಿಸಿ ನೋಡಿದೀವಿ ಅಣ್ಣ,” ಎಂದ ಭುವನ್.

“ಜೀಪಿನ ಮೂರರಷ್ಟು ಐತಲ್ಲಪ್ಪ ಇದು!”

ಭುವನ್‌ನ ಮುಖ ಒಂದು ಗಳಿಗೆ ಬಿಳಿಚಿತು. ಮೇಲೆ ನಿಂತ ನೂರಾರು ಜನರನ್ನು, ಕೊಡೆಯ ಕೆಳಗೆ ಕೂತ ಡೈರೆಕ್ಟರನ್ನು ನೋಡಿದ. ಆಮೇಲೆ ದನಿ ತಗ್ಗಿಸಿ, “ಹೇಗಿದ್ರೂ ಬೀಳೋ ಸೇತುವೆ ತಾನೇ? ನಡುವಿನ ತನಕ ತಡೆದ್ರೆ ಸಾಕು. ಹುಡುಗ ಚುರುಕಾಗಿದಾನೆ,” ಎಂದ.

ಹುಚ್ಚಣ್ಣನಿಗೆ ಬೆರಳಿಗಂಟಿದ ಹೊಲಸಿಗಿಂತ ಆ ಮಾತೇ ಹೆಚ್ಚು ನಾರಿತು. ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತ ಕಲ್ಲೇಶನ ಹತ್ತಿರ ಹೋದ. ಅವನು ಮುಖಕ್ಕೆ ಬಣ್ಣ ಬಳಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದ.

“ಲೇ ಕಲ್ಲೇಶ, ಕಂಬನೆಲ್ಲ ಹುಳ ತಿಂದಾವೆ ಕಣ್ಲಾ. ಹತ್ತಬ್ಯಾಡ.”

“ಸುಮ್ಕಿರು ಮಾವ. ಹೀರೋ ನನ್ ಹೆಗಲ ಮ್ಯಾಲೆ ಕೈ ಹಾಕವ್ನೆ, ನೋಡಿದ್ಯಾ?”

“ಮರ ಹತ್ತೋ ಮುಂಚೆ ಕಿವಿ ಕೊಟ್ಟು ಕೇಳೋನು ನೀನು. ಇಲ್ಲಿ ಕೇಳಿದ್ಯೇನ್ಲಾ?”

“ಇದು ಮರ ಅಲ್ಲ, ಸೆಟ್ಟು. ಎಂಜಿನಿಯರ್ ನೋಡವ್ರಂತೆ. ನಮ್ಮವ್ವಂಗೆ, ನಮ್ಮೋರಿಗೆಲ್ಲ ಹೇಳ್ಬುಟ್ಟಿವ್ನಿ. ಈಗ ಹೆದರ್ಕಂಡು ಇಳದ ಅನ್ನಿಸ್ಕಳ್ಳಾ?”

ಅತ್ತ ದಡದಲ್ಲಿ ಹೊಂಬಾಳಮ್ಮ ಹೊಸ ಸೀರೆಯುಟ್ಟು ನಿಂತಿದ್ದಳು. ಅಕ್ಕಪಕ್ಕದವರಿಗೆ ಮಗನನ್ನು ಬೆರಳು ಮಾಡಿ ತೋರಿಸುತ್ತಿದ್ದಳು. ಅವಳ ಪಕ್ಕದವನು ಆಗಲೇ ಫೋನು ಎತ್ತಿ ಹಿಡಿದಿದ್ದ. ಎಲ್ಲರ ಕೈಯಲ್ಲೂ ಫೋನು. ಒಬ್ಬನಾದರೂ ಸೇತುವೆಯ ಬುಡ ನೋಡಿದವನಿಲ್ಲ. ತಾನು ನೋಡಿದ್ದನೇ? ನಲವತ್ತು ದಿನ ಬಂಡಿಯನ್ನೇ ಸವರಿದವನು, ಅದು ಏರಬೇಕಾದ ಕಂಬವನ್ನು ಇವತ್ತು ನೋಡಿದ್ದು. ಹುಚ್ಚಣ್ಣನಿಗೆ ತನ್ನ ಮೇಲೂ ಅಸಹ್ಯ ಬಂತು.

ಕಲ್ಲೇಶನ ಬಣ್ಣ ಮುಗಿಯಿತು. ಕ್ಯಾಮೆರಾಗಳು ತಯಾರಾದವು. ಬಂಡಿಯೊಳಗಿನ ಟ್ರ್ಯಾಕ್ಟರ್ ಇಂಜಿನ್ ಚಾಲೂ ಮಾಡಿ, ಕಲ್ಲೇಶ ನೆತ್ತಿಯ ಮೇಲೆ ಹತ್ತಿದ ಮೇಲೆ ಗೇರಿಗೆ ಹಾಕಿ ಇಳಿಯುವುದು ಹುಚ್ಚಣ್ಣನ ಕೆಲಸ. ಅವನು ಬಂಡಿಯೊಳಗೆ ಹೋಗಿ ಚಾಲೂ ಮಾಡಿದ. ಚಿಪ್ಪಿನ ಹೊಗೆ ಭುಸುಗುಟ್ಟಿ ಎದ್ದಿತು. ಕಲ್ಲೇಶ ಶಿಳ್ಳೆಗಳ ನಡುವೆ ಕೈ ಬೀಸುತ್ತ ಏಣಿಯ ಕಡೆ ಬರುತ್ತಿದ್ದ. ಇನ್ನು ಹತ್ತು ಹೆಜ್ಜೆ.

ಹುಚ್ಚಣ್ಣ ಗೇರಿಗೆ ಹಾಕಿದ. ವೇಗ ಹೆಚ್ಚಿಸುವ ಕೈ ಥ್ರಾಟಲನ್ನು ಎಳೆದಿಟ್ಟು ಕೆಳಕ್ಕೆ ಹಾರಿದ.

“ಏಯ್ ಮಾವ! ನಿಲ್ಸು! ನಾನಿನ್ನೂ ಹತ್ತಿಲ್ಲ!”

ಕಲ್ಲೇಶ ಓಡಿ ಬಂದ. ಹುಚ್ಚಣ್ಣ ಅವನ ಸೊಂಟ ಹಿಡಿದು ನೆಲಕ್ಕೆ ಕೆಡವಿ ಮೇಲೆ ಬಿದ್ದ. ಬಂಡಿ ಗಡಗಡ ಅಂತ ಸೇತುವೆಗೆ ಹೋಯಿತು. ಮೊದಲ ಕಂಬ ದಾಟಿತು, ಎರಡನೆಯದು ದಾಟಿತು. ಮೂರನೆಯದು ಮುರಿಯಲೂ ಇಲ್ಲ, ನೆನೆದ ರಸ್ಕಿನ ಹಾಗೆ ಕುಸಿಯಿತು. ಐದು ಟನ್ ಕಬ್ಬಿಣ ಮೂತಿ ಅಡಿಯಾಗಿ ಹಳ್ಳಕ್ಕೆ ಬಿತ್ತು. ಹಾರಬೇಕಾದ ಮರ ಇನ್ನೂ ಮೂವತ್ತಡಿ ದೂರವಿತ್ತು.

ಧೂಳು ಇಳಿಯಿತು. ಆಮೇಲೆ ಚಪ್ಪಾಳೆ. ದಡದ ತುಂಬ ಶಿಳ್ಳೆ. ಡೈರೆಕ್ಟರು ಕೊಡೆಯ ಕೆಳಗಿಂದ ಎದ್ದು, “ಮೂರೂ ಕ್ಯಾಮೆರಾದಲ್ಲಿ ಸಿಕ್ತು! ಸೂಪರ್!” ಎಂದು ಕೂಗಿದ.

ಹುಚ್ಚಣ್ಣ ಎದ್ದು ಹಳ್ಳಕ್ಕೆ ಇಳಿದ. ಬಂಡಿ ಮಗ್ಗುಲಾಗಿ ಬಿದ್ದಿತ್ತು, ಒಲೆಯ ಕೆಂಡ ಮರಳ ಮೇಲೆ ಚೆಲ್ಲಿತ್ತು. ಅಭ್ಯಾಸ ಬಿಡಲಾರದೆ ಒಂದು ಸುತ್ತು ಹಾಕಿ ನೋಡಿದ. ಒಂದು ಬೆಸುಗೆಯೂ ಬಿಟ್ಟಿರಲಿಲ್ಲ.

ಕಲ್ಲೇಶ ಹಿಂದೆಯೇ ಬಂದ. “ಜನದ ಮುಂದೆ ಮರ್ಯಾದೆ ಕಳದ್ಬುಟ್ಟೆ ಮಾವ…” ಎನ್ನುತ್ತ ಬಂದವನು ಸೀಳಿ ಬಿದ್ದ ಬೊಡ್ಡೆಯ ಮುಂದೆ ನಿಂತುಬಿಟ್ಟ. ಬಿಸಿಲು ಕಂಡ ದಪ್ಪ ಬಿಳಿ ಹುಳಗಳು ಹೊರಳುತ್ತಿದ್ದವು. ಒಳಗೆ ಮರವೆನ್ನುವುದೇ ಇರಲಿಲ್ಲ. ಕಲ್ಲೇಶ ಅಲ್ಲೇ ಕೂತು, ಬಣ್ಣದ ಮುಖವನ್ನು ಹೀರೋನ ಅಂಗಿಯ ತೋಳಿನಿಂದ ತಿಕ್ಕತೊಡಗಿದ.

ಭುವನ್ ದಡದಿಂದ ಜಾರುತ್ತ ಇಳಿದು ಬಂದು ಹುಚ್ಚಣ್ಣನ ಕೈ ಹಿಡಿದ. “ಏನ್ ಟೈಮಿಂಗ್ ಅಣ್ಣ! ಹಾರೋದನ್ನ ಕಂಪ್ಯೂಟರಲ್ಲಿ ಸೇರಿಸ್ಕೋತೀವಿ. ಬಂಡಿಗೆ ಒಂಚೂರು ಪೇಂಟ್ ಹೊಡೆದು ಎತ್ತಿಕೊಡಿ, ಮುಂದಿನ ವಾರ ಇನ್ನೊಂದು ಶಾಟ್ ಇದೆ. ಕಂಬಕ್ಕೆ ಅದೇ ಯಜಮಾನ್ರು ಇನ್ನೂ ಹತ್ತು ಮರ ಕೊಡ್ತಾರಂತೆ.”

ಹುಚ್ಚಣ್ಣ ಕೈ ಬಿಡಿಸಿಕೊಂಡ. ಬಗ್ಗಿ, ಬೊಡ್ಡೆಯಿಂದ ಹುಳ, ನಾರು, ರಸ ಸಮೇತ ಒಂದು ಬೊಗಸೆ ಬಾಚಿ, ಭುವನ್‌ನ ಅಂಗೈಗೆ ಸುರಿದ.

“ಒರಿಜಿನಲ್ ಬೇಕು ಅಂದ್ರಲ್ಲ. ಇಟ್ಕಳ್ಳಿ.”

ಭುವನ್ ಚೀರಿ ಕೈ ಕೊಡವಿದ. ಹುಚ್ಚಣ್ಣ ಕೈಗೆ ಮರಳು ಹಾಕಿ ಉಜ್ಜಿಕೊಂಡ. ನಾತ ಹೋಗಲಿಲ್ಲ.

“ಏಳ್ಲಾ ಕಲ್ಲೇಶ. ನಿಮ್ಮವ್ವ ಕಾಯ್ತಾ ಅವ್ಳೆ.”